ಕೂಲಂಟ್ ದೀಪ ಹತ್ತಿದಾಗ ನೀರು ಹಾಕಿ ಸುಮ್ಮನಾಗಬೇಡಿ

ಸೋಮೇಶ್ವರದಿಂದ ಆಗುಂಬೆ ಹತ್ತುವಾಗ ಏಳನೆಯದೋ ಎಂಟನೆಯದೋ ತಿರುವು. ಜಡಿಮಳೆ. ಮುಂದೆ ಒಂದು ಮಿನಿ ಬಸ್ಸು ಮೊದಲ ಗೇರಿನಲ್ಲಿ ಗೊರಗೊರ ಅನ್ನುತ್ತಾ ತೆವಳುತ್ತಿತ್ತು. ಅಷ್ಟರಲ್ಲಿ ನನ್ನ ಡೀಸೆಲ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಕಡಿಮೆ ಎಂಬ ದೀಪ ಹತ್ತಿತು. ತಿರುವು ದಾಟಿದ ಮೇಲೆ ಆರಿತು. ಮುಂದಿನ ತಿರುವಿನಲ್ಲಿ ಮತ್ತೆ ಹತ್ತಿತು. 14 ತಿರುವು ಮುಗಿಯುವವರೆಗೂ ಇದೇ ಕಣ್ಣಾಮುಚ್ಚಾಲೆ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮೇಲೆ ಬಂದು ನಿಲ್ಲಿಸಿ, ಚಹಾ ಕುಡಿದು, ಎಂಜಿನ್ ತಣ್ಣಗಾದ ಮೇಲೆ ಅರ್ಧ ಬಾಟಲಿ ಕುಡಿಯುವ ನೀರು ಹಾಕಿದೆ. ದೀಪ ಆರಿತಲ್ಲ, ಮುಗೀತು ಅಂದುಕೊಂಡು ಶಿವಮೊಗ್ಗಕ್ಕೆ ಬಂದೆ. ಮೂರು ವಾರಕ್ಕೆ ಮತ್ತೆ ಅದೇ ದೀಪ. ಗ್ಯಾರೇಜಿನವರು ಸೆನ್ಸರ್ ಹೋಗಿದೆ ಅಂದರು. ಹೊಸದು ಹಾಕಿಸಿದೆ. ಇನ್ನೊಂದು ತಿಂಗಳಿಗೆ ಹೊಸ ಸೆನ್ಸರೂ ಅದೇ ಮಾತು ಹೇಳಿತು. ಪಾಪ, ಹಳೆಯದೂ ಸುಳ್ಳು ಹೇಳಿರಲಿಲ್ಲ.

ಕೂಲಂಟ್ ಅನ್ನುವುದು ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವ ವಸ್ತು ಅಲ್ಲ. ಎಂಜಿನ್, ರೇಡಿಯೇಟರ್, ಹೀಟರ್ ಮಧ್ಯೆ ಸುತ್ತು ಹೊಡೆಯುತ್ತಾ ಅಲ್ಲೇ ಇರಬೇಕು. ಕಡಿಮೆಯಾಗಿದೆ ಅಂದರೆ ಎಲ್ಲಿಗೋ ಹೋಗಿದೆ ಅಂತಲೇ ಅರ್ಥ. ಎಷ್ಟು ದಿನಕ್ಕೆ ಎಷ್ಟು ಹೋಯಿತು, ಯಾವ ದಾರಿಯಲ್ಲಿ ಹೋಯಿತು ಅಂತ ಪತ್ತೆ ಮಾಡದೆ ನೀರು ಸುರಿಯುತ್ತಾ ಹೋದರೆ, ನಿಮಗಿದ್ದ ಒಂದೇ ಸಾಕ್ಷಿಯನ್ನು ನೀವೇ ತೊಳೆದು ಹಾಕಿದ ಹಾಗೆ.

ಮೊದಲು ಹತ್ತಿರುವುದು ಯಾವ ದೀಪ ಅಂತ ನೋಡಿ. ಮಟ್ಟ ಕಡಿಮೆ ಎಂಬ ದೀಪ ಬೇರೆ, ಎಂಜಿನ್ ಬಿಸಿಯಾಗಿದೆ ಎಂಬ ದೀಪ ಬೇರೆ. ನಮ್ಮ ಕಡೆ ಓಡುವ ಎಷ್ಟೋ ಸಣ್ಣ ಕಾರುಗಳಲ್ಲಿ ಮಟ್ಟದ ದೀಪ ಇರುವುದೇ ಇಲ್ಲ, ಬಿಸಿಯ ದೀಪ ಮಾತ್ರ ಇರುತ್ತದೆ. ಅದು ನೀಲಿ ಬಣ್ಣದಲ್ಲಿದ್ದರೆ ಎಂಜಿನ್ ಇನ್ನೂ ತಣ್ಣಗಿದೆ ಅಂತ, ಬೆಳಿಗ್ಗೆ ಅದು ಕಂಡರೆ ಗಾಬರಿ ಬೇಡ. ಕೆಂಪಾದರೆ ಆಟ ಮುಗಿಯಿತು. ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಫ್ಯಾನ್ ಜೋರು ಮಾಡಿ, ಸಿಕ್ಕ ಮೊದಲ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಬಂದ್ ಮಾಡಿ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ, ಸ್ವಲ್ಪ ಶಾಖ ಎಳೆದುಕೊಳ್ಳುತ್ತದೆ. ಪೂರ್ತಿ ಬಿಸಿಗೆ ಇಟ್ಟರೂ ತಣ್ಣನೆ ಗಾಳಿ ಬರುತ್ತಿದೆಯಾ? ಹಾಗಾದರೆ ಹೀಟರಿನವರೆಗೆ ಬರುವಷ್ಟೂ ಕೂಲಂಟ್ ಉಳಿದಿಲ್ಲ ಅಂತ ತಿಳಿಯಿರಿ. ಇನ್ನೊಂದು ಮೋಸ ಇದೆ. ಮೇಲಿದ್ದ ಬಿಸಿಯ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ತಣ್ಣಗಾಯಿತು ಅಂತ ಖುಷಿಪಡಬೇಡಿ. ಬಿಸಿ ಅಳೆಯುವ ಸೆನ್ಸರ್ ದ್ರವದಲ್ಲಿ ಮುಳುಗಿರಬೇಕು. ದ್ರವವೇ ಇಲ್ಲದಿದ್ದರೆ ಅದು ಏನೇನೋ ತೋರಿಸುತ್ತದೆ, ಅತ್ತ ಎಂಜಿನ್ ಬೇಯುತ್ತಿರುತ್ತದೆ.

ಘಾಟಿಯ ತಿರುವಿನ ಮೇಲೇ ನಿಲ್ಲಿಸಬೇಡಿ. ಮಂಜಿನಲ್ಲಿ ಹಿಂದಿನವರಿಗೆ ಕಾಣುವುದಿಲ್ಲ. ಮಳೆಗಾಲವಾದರೆ ಹುಲ್ಲಿನ ಬದಿಗೆ ಇಳಿದು ನಿಲ್ಲಲೂ ಬೇಡಿ, ಬಾನೆಟ್ ಕಡೆ ಬಗ್ಗಿ ನೋಡುವಷ್ಟರಲ್ಲಿ ಉಂಬಳ (ಜಿಗಣೆ) ಮೊಣಕಾಲಿಗೆ ಬಂದಿರುತ್ತದೆ.

ಬಿಸಿ ಇರುವಾಗ ಕೂಲಂಟ್ ಮುಚ್ಚಳ ತೆಗೆಯಬಾರದು ಅಂತ ಎಲ್ಲರಿಗೂ ಗೊತ್ತು, ಆದರೂ ಕೈ ಸುಟ್ಟುಕೊಳ್ಳುವವರು ಕಡಿಮೆಯಾಗಿಲ್ಲ. ಒಳಗೆ ಆಗುವುದು ಇಷ್ಟು. ಅರ್ಧ ಕೂಲಂಟ್ ಅರ್ಧ ನೀರಿನ ಮಿಶ್ರಣ ತೆರೆದ ಪಾತ್ರೆಯಲ್ಲಾದರೆ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದಿಡುವುದರಿಂದ ಕಾರಿನೊಳಗೆ ಅದು 120 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ನೀವು ಮುಚ್ಚಳ ತಿರುಗಿಸಿದಿರಿ ಅಂದರೆ ಒತ್ತಡ ಹೋಯಿತು, ಅಷ್ಟೂ ದ್ರವ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಡಿಮೆ ಅಂದರೂ ಮುಕ್ಕಾಲು ಗಂಟೆ ಕಾಯಿರಿ. ರೇಡಿಯೇಟರಿನ ಮೇಲಿನ ದಪ್ಪ ಪೈಪು ಮುಟ್ಟಲು ಬರುವಷ್ಟು ತಣ್ಣಗಾಗಬೇಕು, ಒತ್ತಿದರೆ ಮೆತ್ತಗಿರಬೇಕು. ಆಮೇಲೆ ದಪ್ಪ ಬಟ್ಟೆ ಹಾಕಿ ಸ್ವಲ್ಪವೇ ತಿರುಗಿಸಿ, ಬುಸ್ ಶಬ್ದ ನಿಂತ ಮೇಲೆ ಪೂರ್ತಿ ತೆಗೆಯಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಒಳಗಿನ ಲೋಹ ಬಿರುಕು ಬಿಡಬಹುದು, ಅದು ನೆನಪಿರಲಿ.

ಮನೆಗೆ ಬಂದ ಮೇಲೆ ನಿಜವಾದ ಪತ್ತೆದಾರಿಕೆ ಶುರು. ಮಟ್ಟ ನೋಡಬೇಕಾದದ್ದು ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಸಮತಟ್ಟು ಜಾಗದಲ್ಲಿ. ಮಲೆನಾಡಿನ ಮನೆಗಳಲ್ಲಿ ಸಮತಟ್ಟು ಜಾಗ ಹುಡುಕುವುದೇ ಒಂದು ಕೆಲಸ ಅಲ್ವಾ? ಅಡಿಕೆ ಒಣಗಿಸುವ ಅಂಗಳ ಇದ್ದರೆ ಅದೇ ಒಳ್ಳೆಯದು. ಕಾರು ಓರೆಯಾಗಿ ನಿಂತರೆ ಕೂಲಂಟ್ ಟ್ಯಾಂಕಿನ ದ್ರವ ಒಂದು ಕಡೆಗೆ ವಾಲುತ್ತದೆ, ಸೆನ್ಸರ್ ಇರುವ ಕಡೆ ಖಾಲಿಯಾದರೆ ದೀಪ ಹತ್ತುತ್ತದೆ. ನನ್ನ ಕಾರು ತಿರುವಿನಲ್ಲಿ ಮಾತ್ರ ದೀಪ ತೋರಿಸಿದ್ದು ಅದಕ್ಕೇ. ಹಾಗಾಗಿ ಏರಿನಲ್ಲಿ ಹತ್ತಿ ನೇರ ರಸ್ತೆಯಲ್ಲಿ ಆರುವ ದೀಪವನ್ನು ಸುಳ್ಳು ಅನ್ನಬೇಡಿ. ಮಟ್ಟ ಕೆಳಗಿನ ಗೆರೆಯ ಆಸುಪಾಸಿನಲ್ಲಿದೆ ಅಂತ ಅದು ಮುಂಚೆಯೇ ಹೇಳುತ್ತಿದೆ.

ಟ್ಯಾಂಕಿನ ಮೇಲೆ ಮಿನ್, ಮ್ಯಾಕ್ಸ್ ಅಂತ ಗೆರೆ ಇರುತ್ತದೆ. ಹಳೆಯ ಟ್ಯಾಂಕ್ ಹಳದಿಗಟ್ಟಿ, ಒಳಗೆ ಕಲೆ ಕೂತು, ಆ ಕಲೆಯೇ ಕೂಲಂಟ್ ಮಟ್ಟದ ಹಾಗೆ ಕಾಣುತ್ತದೆ. ಹಿಂದಿನಿಂದ ಟಾರ್ಚ್ ಹಿಡಿದು ಕಾರನ್ನು ಒಮ್ಮೆ ಅಲುಗಾಡಿಸಿ. ಅಲುಗಿದ್ದು ದ್ರವ, ಅಲುಗದೆ ಇದ್ದದ್ದು ಕಲೆ.

ಮಟ್ಟ ಸರಿಯಾಗಿದ್ದೂ ದೀಪ ಆರದಿದ್ದರೆ ಮಾತ್ರ ಸೆನ್ಸರಿನ ಮೇಲೆ ಅನುಮಾನಪಡಿ. ಒಂದು ಜಾತಿಯ ಸೆನ್ಸರಿನಲ್ಲಿ ಅಯಸ್ಕಾಂತ ಇರುವ ತೇಲುವ ಬಿರಡೆ ಇರುತ್ತದೆ. ಕೆಸರು ಕಟ್ಟಿದರೆ ಬಿರಡೆ ಕೆಳಗೇ ಅಂಟಿಕೊಳ್ಳುತ್ತದೆ, ಟ್ಯಾಂಕಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ದೀಪ ಆರಿದರೆ ಇದೇ ಕಾರಣ. ಇನ್ನೊಂದು ಜಾತಿಯಲ್ಲಿ ಎರಡು ಕಡ್ಡಿ ದ್ರವದಲ್ಲಿ ಮುಳುಗಿರುತ್ತವೆ, ಪಾಚಿಯಂಥ ಪೊರೆ ಕೂತರೆ ಅವು ಕೈಕೊಡುತ್ತವೆ. ನಮ್ಮ ತೇವಕ್ಕೆ ಸೆನ್ಸರಿನ ಪ್ಲಗ್ಗಿನೊಳಗೆ ಹಸಿರು ತುಕ್ಕು ಹಿಡಿಯುವುದೂ ಮಾಮೂಲು. ಕಳಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ ಹಾಕಿ. ಬದಲಿಸುವ ಮಾತು ಆಮೇಲೆ.

ಮಟ್ಟ ನಿಜವಾಗಿಯೂ ಇಳಿದಿದ್ದರೆ ಎರಡು ಗೆರೆಯ ನಡುವಿನವರೆಗೆ ತುಂಬಿಸಿ ಮಾರ್ಕರ್ ಪೆನ್ನಿನಲ್ಲಿ ಅಲ್ಲೇ ಒಂದು ಗೀಟು ಎಳೆಯಿರಿ. ತಾರೀಖು, ಕಿಲೋಮೀಟರ್ ಬರೆದಿಟ್ಟುಕೊಳ್ಳಿ. ದಿನಾ ಬೆಳಿಗ್ಗೆ ಅದೇ ಜಾಗದಲ್ಲಿ ನೋಡಿ. ಈ ಒಂದು ಗೀಟು ನನಗೆ ಸೆನ್ಸರಿಗಿಂತ ಜಾಸ್ತಿ ಉಪಯೋಗಕ್ಕೆ ಬಂದಿದೆ. ಇತ್ತೀಚೆಗೆ ಕೂಲಂಟ್ ಬದಲಿಸಿದ್ದರೆ ಒಳಗೆ ಸಿಕ್ಕಿಕೊಂಡ ಗಾಳಿ ಹೊರಬಂದು ಮೊದಲ ಕೆಲವು ದಿನ ಒಂದೆರಡು ಸಲ ಇಳಿಯುತ್ತದೆ, ಆಮೇಲೆ ನಿಲ್ಲುತ್ತದೆ. ವರ್ಷಕ್ಕೆ ಕೂದಲೆಳೆಯಷ್ಟು ಇಳಿದರೂ ಚಿಂತೆಯಿಲ್ಲ. ತಿಂಗಳಿಗೊಮ್ಮೆ ತುಂಬಿಸಬೇಕಾದರೆ ಸೋರಿಕೆ ಇದೆ. ದಿನಾ ತುಂಬಿಸಬೇಕಾದರೆ ಆ ಕಾರು ತೆಗೆದುಕೊಂಡು ಘಾಟಿ ಕಡೆ ಹೋಗಲೇಬೇಡಿ.

ಸೋರಿಕೆ ಹುಡುಕೋಣ ಅಂದರೆ ಮಳೆಗಾಲದಲ್ಲಿ ನೆಲವೆಲ್ಲ ಒದ್ದೆ. ಮಾಡಿನ ಕೆಳಗೆ ಕಾರು ನಿಲ್ಲಿಸಿ ಎಂಜಿನ್ ಕೆಳಗೆ ರಟ್ಟು ಹಾಸಿ. ನಾನು ಒಣಗಿದ ಅಡಿಕೆ ಹಾಳೆಯನ್ನೇ ಬಿಡಿಸಿ ಹಾಸಿದ್ದೆ, ಒಳಮೈ ಬಿಳಿಚಿಕೊಂಡಿರುವುದರಿಂದ ಬಣ್ಣ ಚೆನ್ನಾಗಿ ಕಾಣುತ್ತದೆ. ಬರಿ ನೀರಿನ ಹಾಗಿದ್ದರೆ ಅದು ಎಸಿಯ ನೀರು. ಹಸಿರು, ಗುಲಾಬಿ, ನೀಲಿ ಬಣ್ಣ ಇದ್ದು, ಬೆರಳಿಗೆ ಜಾರುವ ಹಾಗಿದ್ದು, ಸಿಹಿ ವಾಸನೆ ಬಂದರೆ ಕೂಲಂಟ್. ರುಚಿ ನೋಡಲು ಹೋಗಬೇಡಿ. ಹೆಚ್ಚಿನ ಕೂಲಂಟಿನಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ, ಅದು ವಿಷ. ಸಿಹಿ ಅಂತ ನಾಯಿ ನೆಕ್ಕಿದರೂ ಸಾಯಬಹುದು. ಆ ಹಾಳೆ, ರಟ್ಟು ಎಲ್ಲ ಕೆಲಸ ಮುಗಿದ ತಕ್ಷಣ ದೂರ ಇಡಿ.

ಹನಿ ಬೀಳದಿದ್ದರೆ ಒಣಗಿದ ಗುರುತು ಹುಡುಕಿ. ಸಣ್ಣ ತೂತಿನಿಂದ ಚಿಮ್ಮಿದ್ದು ಬಿಸಿ ಎಂಜಿನ್ ಮೇಲೆ ಬಿದ್ದು ಆವಿಯಾಗಿ, ಬಿಳಿ ಅಥವಾ ಗುಲಾಬಿ ಹೊಪ್ಪಳೆ ಮಾತ್ರ ಉಳಿಯುತ್ತದೆ. ರೇಡಿಯೇಟರಿನ ಪ್ಲಾಸ್ಟಿಕ್ಕು ಅಲ್ಯುಮಿನಿಯಂ ಕೂಡುವ ಅಂಚು, ಪೈಪಿನ ಕ್ಲ್ಯಾಂಪು, ಥರ್ಮೋಸ್ಟಾಟ್ ಕೂತಿರುವ ಪ್ಲಾಸ್ಟಿಕ್ ಮನೆ, ವಾಟರ್ ಪಂಪಿನ ಕೆಳಗಿನ ಪುಟ್ಟ ತೂತು, ಈ ಜಾಗಗಳಲ್ಲಿ ಟಾರ್ಚ್ ಬಿಡಿ. ಪಕ್ಕದ ಸೀಟಿನ ಕಾಲಡಿಯ ಕಾರ್ಪೆಟ್ಟನ್ನೂ ಮುಟ್ಟಿ ನೋಡಿ. ಒದ್ದೆಯಾಗಿದ್ದರೆ ಕೊಡೆಯ ನೀರೂ ಇರಬಹುದು. ಆದರೆ ಅಂಟಂಟಾಗಿದ್ದು, ಮುಂದಿನ ಗಾಜಿಗೆ ಎಣ್ಣೆಯಂಥ ಮಬ್ಬು ಕೂರುತ್ತಿದ್ದರೆ ಹೀಟರ್ ಸೋರುತ್ತಿದೆ.

ನನ್ನ ಕಳ್ಳ ಸಿಕ್ಕಿದ್ದು ಹೀಗೇ. ತೋಟದ ಮನೆಯಲ್ಲಿ ಕಾರು ನಿಲ್ಲುವುದು ಸೌದೆ ಕೊಟ್ಟಿಗೆಯ ಪಕ್ಕ. ಟ್ಯಾಂಕಿಗೆ ಬರುವ ಬೆರಳು ಗಾತ್ರದ ರಬ್ಬರ್ ಪೈಪನ್ನು ಇಲಿ ಕಡಿದಿತ್ತು, ಪೂರ್ತಿ ಅಲ್ಲ, ಹಲ್ಲೂರುವಷ್ಟು. ತಣ್ಣಗಿದ್ದಾಗ ಒಂದು ಹನಿಯೂ ಇಲ್ಲ. ಒತ್ತಡ ಏರಿದಾಗ ಮಾತ್ರ ಸಣ್ಣಗೆ ಚಿಮ್ಮುತ್ತಿತ್ತು. ಗ್ಯಾರೇಜಿನ ಲಿಫ್ಟಿನ ಮೇಲೆ ತಣ್ಣಗಿನ ಕಾರಿಗೆ ಏನೂ ಕಾಣದೆ ಇದ್ದದ್ದು ಸಹಜವೇ.

ಇಂಥದ್ದಕ್ಕೆ ಪ್ರೆಶರ್ ಟೆಸ್ಟರ್ ಅನ್ನುವ ಕೈಪಂಪು ಇದೆ. ಮುಚ್ಚಳದ ಜಾಗಕ್ಕೆ ಅದನ್ನು ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಕಾಲು ಗಂಟೆ ಬಿಡುತ್ತಾರೆ. ಮುಳ್ಳು ಇಳಿದರೆ ಸೋರಿಕೆ ಇದೆ, ಎಂಜಿನ್ ತಣ್ಣಗಿದ್ದರೂ ಚಿಮ್ಮುವ ಜಾಗ ಕಾಣುತ್ತದೆ. ಮುಚ್ಚಳವನ್ನೂ ಅದರಲ್ಲೇ ಪರೀಕ್ಷಿಸಬಹುದು. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋದರೂ ಊರಿನ ಮೆಕ್ಯಾನಿಕ್ ಹತ್ತಿರ ಹೋದರೂ, ಭಾಗ ಬದಲಿಸುವ ಮುಂಚೆ "ಪ್ರೆಶರ್ ಟೆಸ್ಟ್ ಮಾಡಿ" ಅಂತ ನೀವೇ ಕೇಳಿ.

ಹೊರಗೆಲ್ಲೂ ಸೋರದೆ ಮಟ್ಟ ಇಳಿಯುತ್ತಿದ್ದರೆ ಅದು ಎಂಜಿನ್ ಒಳಗೇ ಹೋಗುತ್ತಿದೆ. ಡೀಸೆಲ್ ಆದರೆ ಇಜಿಆರ್ ಕೂಲರ್ (ಎಂಜಿನ್ನಿಗೆ ಮರಳುವ ಹೊಗೆಯನ್ನು ಕೂಲಂಟಿನಿಂದ ತಣಿಸುವ ಭಾಗ) ಒಡೆದಿರಬಹುದು, ಯಾವುದೇ ಕಾರಾದರೂ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲಿನ ಕೆಳಗಿನ ಭಾಗಗಳ ನಡುವಿನ ಸೀಲು) ಹೋಗಿರಬಹುದು. ಇಲ್ಲಿ ನಮ್ಮ ಹವೆ ಜನರನ್ನು ಸುಮ್ನೆ ಹೆದರಿಸುತ್ತದೆ. ಆಯಿಲ್ ಮುಚ್ಚಳದ ಕೆಳಗೆ ಮಜ್ಜಿಗೆಯಂಥ ಬಿಳಿ ಲೇಪ ಕಂಡರೆ ಎಂಜಿನ್ ಹೋಯಿತು ಅಂತ ಅಲ್ಲ. ಮಳೆಗಾಲದಲ್ಲಿ ಪೇಟೆಗೆ ಎರಡು ಕಿಲೋಮೀಟರ್ ಹೋಗಿ ಬರುವ ಕಾರಿನಲ್ಲಿ ತೇವ ಸೇರಿ ಹಾಗಾಗುತ್ತದೆ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಕಡ್ಡಿ ಎಳೆದು ನೋಡಿ. ಅದರ ಮೇಲಿನ ಆಯಿಲೇ ಬೆಳ್ಳಗಿದ್ದರೆ ಕಾರು ಚಾಲೂ ಮಾಡಬೇಡಿ. ಚಳಿಯ ಬೆಳಿಗ್ಗೆ ಸೈಲೆನ್ಸರಿನಿಂದ ಬಿಳಿ ಆವಿ ಬರುವುದೂ ಸಹಜ. ಎಂಜಿನ್ ಕಾದ ಮೇಲೂ ಬರುತ್ತಿದ್ದು, ಸಿಹಿ ವಾಸನೆ ಇದ್ದರೆ ತೊಂದರೆ. ರಾತ್ರಿಯಿಡೀ ನಿಂತ ಕಾರಿನ ಪೈಪು ಬೆಳಿಗ್ಗೆಯೂ ಗಟ್ಟಿಯಾಗಿ ಉಬ್ಬಿರುವುದು, ಟ್ಯಾಂಕಿನಲ್ಲಿ ಎಡೆಬಿಡದೆ ಗುಳ್ಳೆ ಏಳುವುದು ಗ್ಯಾಸ್ಕೆಟ್ ಕಡೆಗೆ ಬೆರಳು ತೋರಿಸುತ್ತವೆ. ಖಚಿತ ಮಾಡಿಕೊಳ್ಳಲು ಒಂದು ನೀಲಿ ದ್ರವದ ಪರೀಕ್ಷೆ ಇದೆ. ಎಂಜಿನ್ನಿನ ಹೊಗೆ ಕೂಲಂಟಿಗೆ ಸೇರುತ್ತಿದ್ದರೆ ಆ ನೀಲಿ ಹಳದಿಗೋ ಹಸಿರಿಗೋ ತಿರುಗುತ್ತದೆ.

ತುಂಬಿಸುವುದು ಏನನ್ನು? ಕಾರಿನ ಪುಸ್ತಕದಲ್ಲಿ ಬರೆದದ್ದನ್ನೇ. ಬಣ್ಣ ನೋಡಿ ಕೊಳ್ಳಬೇಡಿ. ಒಂದು ಕಂಪನಿಯ ಹಸಿರಿಗೂ ಇನ್ನೊಂದರ ಹಸಿರಿಗೂ ಸಂಬಂಧ ಇರಲೇಬೇಕೆಂದಿಲ್ಲ, ಹೊಂದದ್ದನ್ನು ಬೆರೆಸಿದರೆ ಗಂಜಿಯ ಹಾಗೆ ಗಟ್ಟಿಯಾಗುವುದೂ ಉಂಟು. ಡಬ್ಬದ ಮೇಲೆ ಹಾಗೇ ಹಾಕುವುದೋ ನೀರು ಬೆರೆಸುವುದೋ ಅಂತ ಓದಿ. ಬೆರೆಸುವುದಾದರೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತನ್ನಿ, ಬೋರ್‌ವೆಲ್ ನೀರಿನ ಸುಣ್ಣ ರೇಡಿಯೇಟರಿನೊಳಗೆ ಕೂರುತ್ತದೆ. ದಾರಿಯಲ್ಲಿ ಬೇರೆ ಗತಿ ಇಲ್ಲದಾಗ ಕುಡಿಯುವ ನೀರು ಹಾಕಿದರೆ ತಪ್ಪಿಲ್ಲ. ಎಷ್ಟು ಹಾಕಿದಿರಿ ಅಂತ ಮೆಕ್ಯಾನಿಕ್‌ಗೆ ಹೇಳಿ ಮಿಶ್ರಣ ಸರಿ ಮಾಡಿಸಿ. ಹಳೇ ಜೀಪಿನವರು ಸೋರುವ ರೇಡಿಯೇಟರಿಗೆ ಅರಿಸಿನ ಪುಡಿ ಸುರಿದು ಊರು ಮುಟ್ಟುತ್ತಿದ್ದರು. ಈಗಿನ ಕಾರುಗಳ ಸಣ್ಣ ಕೊಳವೆಗಳಿಗೆ ಅದೂ ಬೇಡ, ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ದ್ರವವೂ ಬೇಡ. ಸೋರುವ ತೂತಿನ ಜತೆಗೆ ಹೀಟರಿನ ದಾರಿಯೂ ಕಟ್ಟಿಕೊಳ್ಳುತ್ತದೆ.

ಹೊರತೆಗೆದ ಹಳೆಯ ಕೂಲಂಟನ್ನು ತೋಟದ ಕಾಲುವೆಗೆ ಚೆಲ್ಲಬೇಡಿ, ದನಕರು ಅದೇ ನೀರು ಕುಡಿಯುತ್ತವೆ. ಮುಚ್ಚಳ ಇರುವ ಕ್ಯಾನಿನಲ್ಲಿ ತುಂಬಿಟ್ಟು, ಹಳೆಯದನ್ನು ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.