ಅರ್ಧ ಮಾರಿ ಅರ್ಧ ಇಡೋದು ಎಲ್ಲೈತಿ?

ನಾನು ಕಟ್ಟಿದ್ದು ಓದುತ್ತಾ ಆಡುವ ಆಟ. ಮೊಬೈಲ್‌ನಲ್ಲಿ ಕಥೆ ಸಾಗುತ್ತದೆ, ನಡುನಡುವೆ ನಿಂತು ‘ಈಗೇನು ಮಾಡ್ತೀರಿ?’ ಎಂದು ಕೇಳುತ್ತದೆ. ಹಾವೇರಿ ಕಡೆಯ ಒಬ್ಬ ರೈತ ಹೆಣ್ಣುಮಗಳು ಒಣಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಮಾರುಕಟ್ಟೆಗೆ ಬಂದಿದ್ದಾಳೆ. ಇವತ್ತಿನ ರೇಟಿಗೆ ಮಾರಬೇಕೋ, ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು ಕಾಯಬೇಕೋ? ಅಲ್ಲಿಂದಲೇ ಕಥೆ ಶುರು.

ಬಳಸಿದ್ದು ಟ್ವೈನ್. ಇಂಥ ಕವಲೊಡೆಯುವ ಕಥೆ ಕಟ್ಟಲೆಂದೇ 2009ರಲ್ಲಿ ಕ್ರಿಸ್ ಕ್ಲೈಮಸ್ ಹೊರತಂದ ಉಚಿತ ಸಾಫ್ಟ್‌ವೇರ್. ಕೋಡಿಂಗ್ ಅಷ್ಟಾಗಿ ಬರದಿದ್ದರೂ ನಡೆಯುತ್ತದೆ. ಮುಗಿದ ಆಟ ಒಂದೇ ಎಚ್‌ಟಿಎಂಎಲ್ ಫೈಲ್ ಆಗಿ ಸಿಗುತ್ತದೆ, ಬ್ರೌಸರ್ ಇದ್ದರೆ ಸಾಕು.

ಲೆಕ್ಕ ಕಷ್ಟವಾಗುವುದು ಕವಲುಗಳಲ್ಲಿ. ಎರಡೆರಡು ಆಯ್ಕೆಯ ಹತ್ತು ತಿರುವು ಇಟ್ಟು, ಪ್ರತಿ ದಾರಿಯನ್ನೂ ಬೇರೆಯಾಗಿ ಬರೆದರೆ 1,024 ಮುಕ್ತಾಯ ಬೇಕಾಗುತ್ತದೆ. ಯಾರ ಕೈಲಾಗುತ್ತದೆ? ಹಾಗಾಗಿ ದಾರಿಗಳನ್ನು ಒಡೆದು ಸ್ವಲ್ಪ ಮುಂದೆ ಮತ್ತೆ ಕೂಡಿಸುತ್ತೇನೆ. ಕೂಡಿದರೂ ಕೈಯಲ್ಲಿರುವ ದುಡ್ಡು, ಉಳಿದ ಸಾಲ, ದಲಾಲರ ನಂಬಿಕೆ ಇವಿಷ್ಟನ್ನು ಆಟ ನೆನಪಿಟ್ಟುಕೊಳ್ಳುತ್ತದೆ. ಯಾವ ದಾರಿ ಹಿಡಿದವರೂ ಅದೇ ಚಹಾದಂಗಡಿಗೆ ಬರುತ್ತಾರೆ. ಸಾಲ ಉಳಿದಿದ್ದರೆ ದಲಾಲರು ‘ಅಕ್ಕಾರ, ಆ ಬಾಕಿ ಏನಾತ್ರಿ?’ ಅನ್ನುತ್ತಾರೆ. ತೀರಿದ್ದರೆ ‘ಬರ್ರಿ ಅಕ್ಕಾರ, ಚಾ ಕುಡೀರಿ’. ಬದಲಾಗಿದ್ದು ಒಂದೇ ಸಾಲು. ಆಡುವವರಿಗೆ ಮಾತ್ರ ತಮ್ಮ ಕಥೆಯೇ ಬೇರೆ ಅನಿಸುತ್ತದೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಬೆಳೆ ಅನ್ನುವ ಗುರುತು, ಸಿಕ್ಕಿದೆ. ಖಾರ ಕಮ್ಮಿ, ಬಣ್ಣ ಜಾಸ್ತಿ. ಬಣ್ಣ ಮಾಸಿದರೆ ರೇಟ್ ಬಿತ್ತು. ಇದನ್ನೆಲ್ಲ ಪಾಠದಂತೆ ಬರೆಯುವುದು ನನಗೆ ಇಷ್ಟವಿಲ್ಲ. ಅದಕ್ಕೆ ‘ಕಾಯಿ ಅಲುಗಾಡಿಸಿ ನೋಡಿ’ ಅನ್ನುವ ಒಂದು ಆಯ್ಕೆ ಇಟ್ಟೆ. ಒತ್ತಿದರೆ ಬೀಜ ಗಲಗಲ ಅನ್ನುತ್ತದೆ, ಇಲ್ಲವೇ ಸದ್ದೇ ಬರುವುದಿಲ್ಲ. ಚೆನ್ನಾಗಿ ಒಣಗಿದೆಯೋ ಇಲ್ಲವೋ ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಧಾರವಾಡದ ಗೆಳೆಯರು ಆಡಿ ‘ಚಲೋ ಐತಿ’ ಅಂದರು. ಊರಲ್ಲಿ ಕಾಕಾನ ಕೈಗೆ ಕೊಟ್ಟೆ. ಮೊದಲ ಪ್ರಶ್ನೆಗೇ ನಿಂತರು. ‘ಇದರಾಗ ಅರ್ಧ ಮಾರಿ ಅರ್ಧ ಇಡೋದು ಎಲ್ಲೈತಿ?’ ಸಾಲದವರಿಗೆ ಕೊಡುವಷ್ಟು ಮಾರಿ, ಉಳಿದದ್ದನ್ನು ಇಟ್ಟುಕೊಳ್ಳುವುದು ಅವರ ಪದ್ಧತಿ.

ಆ ಆಯ್ಕೆ ಸೇರಿಸಿದೆ. ಸೇರಿಸಿದ್ದೇ ತಡ, ಎಲ್ಲರೂ ಅದನ್ನೇ ಒತ್ತತೊಡಗಿದರು. ಸುಮ್ನೆ ಸುಖದ ದಾರಿ ಕೊಟ್ಟರೆ ಯೋಚಿಸುವ ಕೆಲಸವೇ ಇರುವುದಿಲ್ಲ. ಏನನ್ನು ಬಿಟ್ಟುಕೊಡುತ್ತಿದ್ದೇನೆ ಅನ್ನುವುದು ಒತ್ತುವ ಮೊದಲೇ ಕಣ್ಣಿಗೆ ಬೀಳಬೇಕು. ನನ್ನ ಮಟ್ಟಿಗೆ ಆಟದ ಕಥೆ ಹುಟ್ಟುವುದೇ ಅಲ್ಲಿ. ಅದಕ್ಕೇ ಆ ಆಯ್ಕೆಯ ಕೆಳಗೆ ಸ್ಟೋರೇಜ್ ಬಾಡಿಗೆ, ಉಳಿದ ಸಾಲದ ಬಡ್ಡಿ, ಎರಡನೇ ಸಲದ ಗಾಡಿ ಖರ್ಚು ಮೂರನ್ನೂ ಕಾಣುವಂತೆ ಬರೆದೆ. ಈಗ ಜನ ಅಲ್ಲಿ ತಡೆದು ಲೆಕ್ಕ ಹಾಕುತ್ತಾರೆ.

ಕೊನೆಯ ಪ್ರಶ್ನೆ ಮುಂದಿನ ಬಿತ್ತನೆಯದು: ಬ್ಯಾಡಗಿಯ ನಾಟಿ ತಳಿ ಕಡ್ಡಿಯೋ, ಇಳುವರಿ ಜಾಸ್ತಿ ಕೊಡುವ ಹೈಬ್ರಿಡ್ಡೋ? ಉತ್ತರ ಒತ್ತಿದ ಕೂಡಲೇ ಆಟ ಮುಗಿಯುತ್ತದೆ. ಗೆದ್ದಿರಿ, ಸೋತಿರಿ ಅಂತ ಹೇಳುವುದಿಲ್ಲ. ಸಾಲ ತೀರಿಸಿ ಅಲ್ಲಿಗೆ ಬಂದವರು ಹೆಚ್ಚಾಗಿ ಕಡ್ಡಿ ಬಿತ್ತುತ್ತಾರೆ. ಬಾಕಿ ಇಟ್ಟುಕೊಂಡು ಬಂದವರು ಹೈಬ್ರಿಡ್ ಒತ್ತುತ್ತಾರೆ.