ಓಪನ್‌ಹೈಮರ್ ಅಂದ್ರೆ ಯಾವ ಊರಿನವರು? ಒಂದು ಅಡ್ಡಹೆಸರಿನ ಬೆನ್ನು ಹತ್ತಿದ ನನ್ನ ಅನುಭವ

"ಬಾಂಬಿನ ಓಪನ್‌ಹೈಮರ್‌ಗೂ ವಜ್ರದ ಓಪನ್‌ಹೈಮರ್‌ಗೂ ಏನಾದ್ರೂ ಸಂಬಂಧ ಇದೆಯಾ?" ನಾನು ಫ್ರಾಂಕ್‌ಫರ್ಟ್‌ನಲ್ಲಿ ಇದ್ದೇನೆ ಅನ್ನುವ ಒಂದೇ ಕಾರಣಕ್ಕೆ ಇಂಥ ಪ್ರಶ್ನೆಗಳು ಬೆಂಗಳೂರಿನಿಂದ ನೇರ ನನ್ನ ಫೋನಿಗೇ ಬರುತ್ತವೆ. ನಾನು ಇತಿಹಾಸ ಓದಿದವನಲ್ಲ, ಐಟಿ ಕೆಲಸದವನು. ಜರ್ಮನ್ ಕಲಿತದ್ದೂ ಹೊಟ್ಟೆಪಾಡಿಗೆ. ಆದರೆ ಪ್ರಶ್ನೆ ತಲೆಯಲ್ಲಿ ಕೂತಿತು. ಯಾಕಂದ್ರೆ ಅಣುಬಾಂಬಿನ ವಿಜ್ಞಾನಿ ರಾಬರ್ಟ್ ಓಪನ್‌ಹೈಮರ್ ಅವರ ತಂದೆ ಜೂಲಿಯಸ್ ಹುಟ್ಟಿದ್ದು ಹನಾವ್‌ನಲ್ಲಿ. ದಕ್ಷಿಣ ಆಫ್ರಿಕದ ವಜ್ರದ ದೊರೆ ಅರ್ನೆಸ್ಟ್ ಓಪನ್‌ಹೈಮರ್ ಹುಟ್ಟಿದ್ದು ಫ್ರೀಡ್‌ಬರ್ಗ್‌ನಲ್ಲಿ. ಎರಡೂ ಯಹೂದಿ ಮನೆತನ, ಎರಡೂ ಊರು ನಮ್ಮ ಮನೆಯಿಂದ ರೈಲಿನಲ್ಲಿ ಹತ್ತಿರ. ಒಂದು ಶನಿವಾರ ಕೂತರೆ ಮುಗಿಯುವ ಕೆಲಸ ಅಂದುಕೊಂಡಿದ್ದೆ. ಇಲ್ಲಿನ ಚಳಿಗಾಲ ಎಷ್ಟು ಉದ್ದ ಅಂತ ಗೊತ್ತಲ್ಲ, ಅಷ್ಟೂ ಚಳಿಗಾಲ ಇದೇ ನನ್ನ ಹವ್ಯಾಸ ಆಯಿತು.

ಶುರು ಮಾಡಿದ್ದು ಜನರಿಂದಲ್ಲ, ಊರಿನಿಂದ. ಓಪನ್‌ಹೈಮ್ ಅನ್ನುವುದು ರೈನ್ ನದಿಯ ಎಡದಂಡೆಯ ಸಣ್ಣ ಊರು. ಮೈಂಟ್ಸ್‌ನಿಂದ ವೋರ್ಮ್ಸ್ ಕಡೆಗೆ ಹೋಗುವ ರೈಲು ಅಲ್ಲಿ ನಿಲ್ಲುತ್ತದೆ. ಗುಡ್ಡದ ಮೇಲೆ ಕೆಂಪು ಕಲ್ಲಿನ ಕತರೀನಾ ಚರ್ಚು, ಅದರ ಸುತ್ತ ದ್ರಾಕ್ಷಿ ತೋಟ, ರಸ್ತೆಯ ಕೆಳಗೆ ಹಳೇ ನೆಲಮಾಳಿಗೆಗಳ ಜಾಲ. 1689ರಲ್ಲಿ ಫ್ರೆಂಚ್ ಸೈನ್ಯ ಊರನ್ನೇ ಸುಟ್ಟಿತ್ತು. ಈ ಊರಿನ ಎರಡೂ ಪಕ್ಕದ ಮೈಂಟ್ಸ್ ಮತ್ತು ವೋರ್ಮ್ಸ್, ಅವುಗಳ ಜೊತೆ ಸ್ಪೈಯರ್, ಮಧ್ಯಯುಗದಲ್ಲಿ ಯಹೂದಿ ವಿದ್ಯೆಯ ದೊಡ್ಡ ಕೇಂದ್ರಗಳು. 2021ರಲ್ಲಿ ಈ ಮೂರು ಊರುಗಳಿಗೂ ಯುನೆಸ್ಕೋ ಮಾನ್ಯತೆ ಸಿಕ್ಕಿತು. 1349ರ ಪ್ಲೇಗ್ ಕಾಲದಲ್ಲಿ "ಯಹೂದಿಗಳು ಬಾವಿಗೆ ವಿಷ ಹಾಕಿದರು" ಅಂತ ಪುಕಾರು ಎದ್ದು ಇಲ್ಲೆಲ್ಲ ಕಗ್ಗೊಲೆ ನಡೆದಿತ್ತು. ಉಳಿದವರು ಊರೂರು ಅಲೆದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಓಪನ್‌ಹೈಮ್‌ನಲ್ಲಿ ಇರುವವನನ್ನು ಯಾರೂ ಓಪನ್‌ಹೈಮರ್ ಅಂತ ಕರೆಯಬೇಕಾಗಿಲ್ಲ. ಹುಬ್ಬಳ್ಳಿಯ ಒಳಗೇ ಇರುವವನಿಗೆ ಹುಬ್ಬಳ್ಳಿಕರ ಅಂತ ಯಾಕೆ ಅನ್ನಬೇಕು? ಊರು ಬಿಟ್ಟು ಬೇರೆ ಕಡೆ ಹೋದ ಮೇಲೇ ಆ ಹೆಸರು ಅಂಟುವುದು. ಹೈಡಲ್‌ಬರ್ಗ್‌ಗೆ ಒಂದು ಮನೆ, ಫ್ರಾಂಕ್‌ಫರ್ಟ್‌ಗೆ ಇನ್ನೊಂದು, ನೂರು ವರ್ಷ ಬಿಟ್ಟು ಮತ್ತೊಂದು. ಎಲ್ಲರೂ ಓಪನ್‌ಹೈಮರ್! ರಾತ್‌ಶೀಲ್ಡ್ ಹೆಸರಿನ ಕತೆ ಬೇರೆ. ಅದು ಫ್ರಾಂಕ್‌ಫರ್ಟ್‌ನ ಯೂಡೆನ್‌ಗಾಸ್ಸೆ ಅನ್ನುವ ಯಹೂದಿ ಓಣಿಯ ಒಂದು ಮನೆಯ ಕೆಂಪು ಗುರಾಣಿಯ ಗುರುತಿನಿಂದ ಬಂತು. ಮನೆಯಿಂದ ಬಂದ ಹೆಸರು ಒಂದು ಬಾಗಿಲಿಗೆ ಕರೆದುಕೊಂಡು ಹೋಗುತ್ತದೆ. ಊರಿನಿಂದ ಬಂದ ಹೆಸರು ಊರಬಾಗಿಲಿಗೆ ತಂದು ಕೈಬಿಡುತ್ತದೆ. ವೆರ್ಟ್‌ಹೈಮರ್, ಬಾಂಬರ್ಗರ್, ಹಾಂಬರ್ಗರ್, ಲಾಂಡೌವರ್ ಎಲ್ಲ ಹೀಗೇ.

ಆಮೇಲೆ ಕಂಪ್ಯೂಟರ್ ಮುಂದೆ ಕೂತೆ. ಹುಡುಕಿದರೆ ಮೊದಲು ಬಂದದ್ದು ವೈನ್ ಬಾಟಲಿಗಳು. ಆ ಊರಿನ ವೈನ್‌ಗೂ ಓಪನ್‌ಹೈಮರ್ ಅಂತಲೇ ಹೆಸರು. ಹೆಸರಿನ ಜೊತೆ ಊರು ಮತ್ತು ಇಸವಿ ಹಾಕಿ ಹುಡುಕುವುದು ಅಲ್ಲಿಂದಲೇ ರೂಢಿ ಆಯಿತು.

ಹಳೇ ದಾಖಲೆಗಳಲ್ಲಿ ಪದೇ ಪದೇ ಎದುರಾದ ಊರು ಹೈಡಲ್‌ಬರ್ಗ್. 1630ರಲ್ಲಿ ಅಲ್ಲಿ ಹುಟ್ಟಿದ ಸ್ಯಾಮುಯೆಲ್ ಓಪನ್‌ಹೈಮರ್ ಮುಂದೆ ವಿಯೆನ್ನಾಗೆ ಹೋಗಿ ಚಕ್ರವರ್ತಿ ಲಿಯೋಪೋಲ್ಡ್‌ನ ಸೈನ್ಯಕ್ಕೆ ದುಡ್ಡು, ಧಾನ್ಯ, ಕುದುರೆ, ಮದ್ದುಗುಂಡು ಒದಗಿಸಿದವನು. 1670ರಲ್ಲಿ ಅದೇ ಚಕ್ರವರ್ತಿ ವಿಯೆನ್ನಾದ ಯಹೂದಿಗಳನ್ನೆಲ್ಲ ಹೊರಗೆ ಹಾಕಿದ್ದ. ತುರ್ಕರ ಜೊತೆ ಯುದ್ಧಕ್ಕೆ ಸಾಲ ಬೇಕಾದಾಗ ಮಾತ್ರ ಈ ಒಬ್ಬ ಯಹೂದಿ ಬೇಕಾದ. 1700ರಲ್ಲಿ ಜನ ನುಗ್ಗಿ ಅವನ ಮನೆ ಲೂಟಿ ಮಾಡಿದರು. 1703ರಲ್ಲಿ ಅವನು ಸತ್ತಾಗ ಸರ್ಕಾರ ತನ್ನ ಸಾಲ ತೀರಿಸಲು ಒಪ್ಪಲಿಲ್ಲ, ಅವನ ಪೇಢಿ ಮುಳುಗಿತು. ಯಾರ ದುಡ್ಡಿನಿಂದ ವಿಯೆನ್ನಾ ಉಳಿಯಿತೋ ಅವನಿಗೇ ಕೈ ಎತ್ತಿಬಿಟ್ಟರು ನೋಡಿ.

ನನಗೆ ನಿಜಕ್ಕೂ ಉಪಯೋಗ ಆದದ್ದು ಸ್ಯಾಮುಯೆಲ್‌ನ ತಮ್ಮನೋ ಅಣ್ಣನೋ ಆದ ಅಬ್ರಹಾಂನ ಮಗ. ಹೆಸರು ಡೇವಿಡ್, ವೋರ್ಮ್ಸ್‌ನಲ್ಲಿ 1664ರಲ್ಲಿ ಹುಟ್ಟಿ ಪ್ರಾಗ್‌ನ ರಬ್ಬಿ, ಅಂದ್ರೆ ಯಹೂದಿ ಧರ್ಮಗುರು ಆದವನು. ಪುಸ್ತಕದ ಹುಚ್ಚ. ಅವನು ಕೂಡಿಸಿದ ಹೀಬ್ರೂ ಪುಸ್ತಕಗಳು, ಹಸ್ತಪ್ರತಿಗಳು 1829ರಲ್ಲಿ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಲೈಬ್ರರಿ ಸೇರಿದವು. ಚಿಕ್ಕಪ್ಪ-ದೊಡ್ಡಪ್ಪನ ಪೀಳಿಗೆ ಓಪನ್‌ಹೈಮರ್, ಈ ಮಗ ಓಪನ್‌ಹೈಮ್. ಒಂದೇ ಮನೆ! ಹಾಗಾಗಿ ಕೊನೆಯ 'ಅರ್' ಇದ್ದರೆ ಒಂದು ಮನೆತನ, ಇಲ್ಲದಿದ್ದರೆ ಬೇರೆ ಅಂತ ಕೆಲವರು ಮಾಡುವ ವಿಂಗಡಣೆ ನಾನು ಒಪ್ಪುವುದಿಲ್ಲ. ಎರಡನ್ನೂ ಸೇರಿಸಿಯೇ ಹುಡುಕಬೇಕು.

ಹೈಡಲ್‌ಬರ್ಗ್‌ನ ಇನ್ನೊಬ್ಬ ಯೋಸೆಫ್ ಸ್ಯೂಸ್ ಓಪನ್‌ಹೈಮರ್. ವ್ಯುರ್ಟೆಂಬರ್ಗ್‌ನ ಡ್ಯೂಕ್ ಕಾರ್ಲ್ ಅಲೆಕ್ಸಾಂಡರ್‌ನ ಹಣಕಾಸು ನೋಡಿಕೊಳ್ಳುತ್ತಿದ್ದ. 1737ರ ಮಾರ್ಚ್‌ನಲ್ಲಿ ಡ್ಯೂಕ್ ಸತ್ತ ಕೂಡಲೇ ಇವನನ್ನು ಹಿಡಿದರು. 1738ರ ಫೆಬ್ರವರಿ 4ರಂದು ಸ್ಟುಟ್‌ಗಾರ್ಟ್‌ನಲ್ಲಿ ಗಲ್ಲಿಗೇರಿಸಿ, ಹೆಣವನ್ನು ಕಬ್ಬಿಣದ ಪಂಜರದಲ್ಲಿ ಆರು ವರ್ಷ ನೇತುಹಾಕಿದ್ದರು. ಎರಡು ಶತಮಾನ ಆದ ಮೇಲೆ ನಾಜಿಗಳು ಇವನನ್ನೇ ಖಳನಾಯಕ ಮಾಡಿ ಸಿನಿಮಾ ತೆಗೆದರು. ಈಗ ಅದೇ ಸ್ಟುಟ್‌ಗಾರ್ಟ್‌ನಲ್ಲಿ ಅವನ ಹೆಸರಿನ ಚೌಕ ಇದೆ.

ಇಲ್ಲಿವರೆಗೆ ಅಡ್ಡಹೆಸರು ಬೇಕಾದವರು ಇಟ್ಟುಕೊಂಡದ್ದು. ಬಹಳಷ್ಟು ಯಹೂದಿಗಳಿಗೆ ತನ್ನ ಹೆಸರು, ಅಪ್ಪನ ಹೆಸರು ಅಷ್ಟೇ ಇರುತ್ತಿತ್ತು: ಇಂಥವನ ಮಗ ಇಂಥವನು. ಆಮೇಲೆ ಸರ್ಕಾರಗಳು ಕಡ್ಡಾಯ ಮಾಡಿದವು. ಆಸ್ಟ್ರಿಯಾದಲ್ಲಿ 1787ರ ಆಜ್ಞೆ, ಬಾಡೆನ್‌ನಲ್ಲಿ 1809, ಪ್ರಷ್ಯದಲ್ಲಿ 1812, ಬವೇರಿಯದಲ್ಲಿ 1813, ವ್ಯುರ್ಟೆಂಬರ್ಗ್‌ನಲ್ಲಿ 1828. ತೆರಿಗೆ ಮತ್ತು ಸೈನ್ಯಕ್ಕೆ ಲೆಕ್ಕ ಸಿಗಬೇಕಲ್ಲ. ಇವುಗಳಲ್ಲಿ ನನಗೆ ಸ್ವಾರಸ್ಯ ಅನಿಸಿದ್ದು ನೆಪೋಲಿಯನ್‌ನ 1808ರ ಜುಲೈ 20ರ ಆದೇಶ. ಅದರಲ್ಲಿ ಊರಿನ ಹೆಸರನ್ನು ಅಡ್ಡಹೆಸರಾಗಿ ಇಟ್ಟುಕೊಳ್ಳಬಾರದು ಅಂತ ಇತ್ತು! ಆಗ ರೈನ್‌ನ ಎಡದಂಡೆ ಫ್ರಾನ್ಸಿನ ಕೈಯಲ್ಲಿತ್ತು, ಓಪನ್‌ಹೈಮ್ ಊರೂ ಅದರಲ್ಲೇ. ಮೊದಲಿಂದ ಆ ಹೆಸರಿನಲ್ಲೇ ಗುರುತಾದವರು ಮಾತ್ರ ಉಳಿಸಿಕೊಳ್ಳಬಹುದಿತ್ತು. ಅಂದ್ರೆ ಎಡದಂಡೆಯಲ್ಲಿ 1808ರ ನಂತರ ಒಬ್ಬ ಓಪನ್‌ಹೈಮರ್ ಕಂಡರೆ, ಆ ಹೆಸರು ಅವನ ಮನೆಯಲ್ಲಿ ಹಳೆಯದು ಅಂತ ಮೊದಲು ಎಣಿಸಬಹುದು. ಬಲದಂಡೆಯಲ್ಲಿ ಹಾಗೆ ಹೇಳಲು ಬರುವುದಿಲ್ಲ. ನನ್ನ ಪಟ್ಟಿಯಲ್ಲಿ 'ನದಿಯ ಯಾವ ಕಡೆ' ಅಂತ ಒಂದು ಕಾಲಂ ಸೇರಿದ್ದು ಇದಕ್ಕೇ.

ಕಷ್ಟ ಆದದ್ದು ಓದುವುದು. 19ನೇ ಶತಮಾನದ ರಿಜಿಸ್ಟರುಗಳು ಕುರ್ರೆಂಟ್ ಅನ್ನುವ ಹಳೇ ಜರ್ಮನ್ ಕೈಬರಹದಲ್ಲಿವೆ. ಅದರಲ್ಲಿ 'ಇ' ಅಕ್ಷರ ಎರಡು ಸಣ್ಣ ಗೀರು, ಇವತ್ತಿನ 'ಎನ್' ಥರ ಕಾಣುತ್ತದೆ. ಓಪನ್‌ಹೈಮರ್ ಅನ್ನುವ ಹೆಸರಿನಲ್ಲಿ 'ಇ' ಮೂರು ಸಲ ಬರುತ್ತದೆ. ಜೊತೆಗೆ ಒಂದು 'ಎನ್', ಒಂದು 'ಐ', ಒಂದು 'ಎಂ'. ಮೊದಲ ಸಲ ನೋಡಿದಾಗ ಎರಡು ಬಾಲದ 'ಪಿ' ಬಿಟ್ಟರೆ ಮಿಕ್ಕಿದ್ದೆಲ್ಲ ಬರೀ ಗೀರು. ಅದರಲ್ಲಿ ತಲೆ ಎತ್ತಿ ನಿಂತ 'ಎಚ್' ಒಂದನ್ನು ಹಿಡಿದುಕೊಂಡು, ಅದರ ಹಿಂದೆ ಎಷ್ಟು ಗೀರು, ಮುಂದೆ ಎಷ್ಟು ಗೀರು ಅಂತ ಎಣಿಸುತ್ತಿದ್ದೆ. ಸಂಜೆ ಹೊತ್ತು ದಿನಸಿ ಪಟ್ಟಿಯನ್ನು ಆ ಲಿಪಿಯಲ್ಲಿ ಬರೆದು ಬರೆದು ಕೈ ಕೂತಿತು. ಇಂಡೆಕ್ಸ್ ಮಾಡಿದವರೂ ಮನುಷ್ಯರೇ, ಅವರಿಗೂ ಈ ಗೀರುಗಳೇ ಕಂಡಿರುತ್ತವೆ. ಅದಕ್ಕೆ ಪೂರ್ತಿ ಹೆಸರು ಟೈಪ್ ಮಾಡದೆ, ಗಟ್ಟಿಯಾಗಿ ಕಾಣುವ ಅಕ್ಷರ ಮಾತ್ರ ಹಾಕಿ ನಡುವೆ ಸ್ಟಾರ್ ಚಿಹ್ನೆ ಕೊಟ್ಟು ಹುಡುಕಿ. ಜಾಸ್ತಿ ಸಿಗುತ್ತವೆ.

ಗೋರಿಕಲ್ಲುಗಳದ್ದು ಇನ್ನೊಂದು ಲೆಕ್ಕ. ಇಸವಿ ಹೀಬ್ರೂ ಅಕ್ಷರದಲ್ಲಿ, ಅದೂ ಸಾವಿರದ ಅಂಕಿ ಬಿಟ್ಟು. ತಾವ್ ಅಂದ್ರೆ 400, ಸಾಮೆಖ್ 60, ಗಿಮೆಲ್ 3. ಕೂಡಿದರೆ 463. ಇದಕ್ಕೆ 1240 ಸೇರಿಸಿದರೆ 1703, ಸ್ಯಾಮುಯೆಲ್ ಸತ್ತ ವರ್ಷ. ಅವರ ಹೊಸ ವರ್ಷ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಶುರು ಆಗುವುದರಿಂದ, ಆಗಿಂದ ಡಿಸೆಂಬರ್‌ವರೆಗಿನ ಸಾವಿಗೆ ಒಂದು ಕಳೆಯಬೇಕು. ಎರಡು ಕೈ ಚಾಚಿದ ಚಿತ್ರ ಇದ್ದರೆ ಅದು ಪುರೋಹಿತ ಕುಲದ ಕೊಹೆನ್, ನೀರಿನ ಹೂಜಿ ಇದ್ದರೆ ಪುರೋಹಿತರಿಗೆ ಸಹಾಯಕರಾಗಿದ್ದ ಲೇವಿ ಕುಲ. ಇದು ಅಪ್ಪನಿಂದ ಮಗನಿಗೆ ಬರುವ ಗುರುತು. ಒಂದು ಓಪನ್‌ಹೈಮರ್ ಕಲ್ಲಿನ ಮೇಲೆ ಹೂಜಿ ಇದ್ದು ಇನ್ನೊಂದರ ಮೇಲೆ ಇಲ್ಲದಿದ್ದರೆ, ಅಪ್ಪನ ಕಡೆಯಿಂದ ಒಂದೇ ಮನೆ ಅಂತ ಸುಮ್ನೆ ಜೋಡಿಸಬಾರದು. ಸ್ಯಾಮುಯೆಲ್‌ನ ಗೋರಿ ಇರುವ ವಿಯೆನ್ನಾದ ಸೇಗಾಸ್ಸೆ ಸ್ಮಶಾನಕ್ಕೂ ಹೋಗಿ ಬಂದೆ. ಒಂದು ವೃದ್ಧಾಶ್ರಮದ ಒಳಗಿಂದ ದಾರಿ! ನಾಜಿ ಕಾಲದಲ್ಲಿ ಯಹೂದಿಗಳೇ ಇಲ್ಲಿನ ಎಷ್ಟೋ ಕಲ್ಲುಗಳನ್ನು ಮಣ್ಣಿನಲ್ಲಿ ಹೂತು ಉಳಿಸಿದ್ದರು. 1980ರ ದಶಕದಲ್ಲಿ ಮತ್ತೆ ತಂದು ನಿಲ್ಲಿಸಿದರು.

ಇನ್ನು ಗೆಳೆಯರ ಪ್ರಶ್ನೆಗೆ ಬರೋಣ. ಅರ್ನೆಸ್ಟ್ 1880ರಲ್ಲಿ ಹುಟ್ಟಿದ್ದು. 1902ರಲ್ಲಿ ವಜ್ರ ಕೊಳ್ಳುವ ಕೆಲಸಕ್ಕೆ ಕಿಂಬರ್ಲಿಗೆ ಹೋದ, 1917ರಲ್ಲಿ ಆಂಗ್ಲೋ ಅಮೆರಿಕನ್ ಕಂಪನಿ ಕಟ್ಟಿದ, 1929ರಲ್ಲಿ ವಜ್ರದ ಕಂಪನಿ ಡಿ ಬೀರ್ಸ್‌ನ ಅಧ್ಯಕ್ಷನಾದ. ಜೂಲಿಯಸ್ 1888ರಲ್ಲಿ ಹುಡುಗನಾಗಿ ನ್ಯೂಯಾರ್ಕಿಗೆ ಹೋಗಿ ಬಟ್ಟೆ ವ್ಯಾಪಾರದಲ್ಲಿ ಮೇಲೆ ಬಂದವನು. ನಾನು ಬರೆದ ಉತ್ತರ ಇಷ್ಟೇ: ಎರಡೂ ಹೆಸರಿನ ಬೇರು ಒಂದೇ ಊರು, ರಕ್ತಸಂಬಂಧಕ್ಕೆ ಹೆಸರು ಸಾಕ್ಷಿ ಅಲ್ಲ. ಹನಾವ್‌ನಲ್ಲೇ 1800ರಲ್ಲಿ ಮೋರಿಟ್ಜ್ ಡೇನಿಯಲ್ ಓಪನ್‌ಹೈಮ್ ಅನ್ನುವ ಒಳ್ಳೆಯ ಚಿತ್ರಕಾರ ಹುಟ್ಟಿದ್ದ. ಅವನನ್ನೂ ಜೂಲಿಯಸ್‌ನ ಮೇಲೆ ಕೂರಿಸಿ ವಂಶವೃಕ್ಷ ಬರೆಯಲು ಕೈ ತುರಿಸುತ್ತದೆ. ಬರೆಯಲಿಲ್ಲ.

ಹೆಸರಿಡುವ ಪದ್ಧತಿ ಇನ್ನೊಂದು ಸುಳಿವು. ಅಶ್ಕೆನಾಜಿ, ಅಂದ್ರೆ ಜರ್ಮನಿ ಮತ್ತು ಪೂರ್ವ ಯುರೋಪಿನ ಕಡೆಯ ಯಹೂದಿಗಳು ಬದುಕಿರುವವರ ಹೆಸರನ್ನು ಮಗುವಿಗೆ ಇಡುವುದಿಲ್ಲ, ತೀರಿಹೋದ ಅಜ್ಜನ ಹೆಸರು ಇಡುತ್ತಾರೆ. ಹಾಗಾಗಿ ತಲೆಮಾರು ಬಿಟ್ಟು ಅದೇ ಹೆಸರು ಮರಳಿ ಬರುತ್ತದೆ. ಯಾವ ಮೊಮ್ಮಗ ಯಾವ ಅಜ್ಜನವನು ಅಂತ ಹಿಡಿಯಲು ಇದು ಅಡ್ಡಹೆಸರಿಗಿಂತ ಒಳ್ಳೆಯ ದಾರಿ. ಆದರೆ 1904ರಲ್ಲಿ ಹುಟ್ಟಿದ ನಮ್ಮ ಬಾಂಬಿನ ವಿಜ್ಞಾನಿಯ ಜನನಪತ್ರದಲ್ಲಿ ಜೂಲಿಯಸ್ ರಾಬರ್ಟ್ ಅಂತ ಇದೆ, ಅಪ್ಪ ಜೂಲಿಯಸ್ ಬದುಕಿರುವಾಗಲೇ! ಮುಂದೆ ರಾಬರ್ಟ್ ತನ್ನ 'ಜೆ'ಗೆ ಏನೂ ಅರ್ಥ ಇಲ್ಲ ಅನ್ನುತ್ತಿದ್ದರು. ಆ ಮನೆ ಹಳೇ ಪದ್ಧತಿಯಿಂದ ಎಷ್ಟು ದೂರ ಬಂದಿತ್ತು ಅನ್ನುವುದು ಅಷ್ಟರಲ್ಲೇ ಕಾಣುತ್ತದೆ.

ಎಲ್ಲ ದಾಖಲೆಯೂ ಹೀಗೆ ಖುಷಿ ಕೊಡುವುದಿಲ್ಲ. ಒಂದು ಜನನ ರಿಜಿಸ್ಟರಿನ ಪುಟ ಹೇಳುತ್ತೇನೆ. ನಡುವೆ ಮಗುವಿನ ಹೆಸರು, ತಂದೆ-ತಾಯಿ, ವಿಳಾಸ. ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಎರಡು ಸಾಲು: ಈಕೆ 'ಸಾರಾ' ಅನ್ನುವ ಹೆಸರನ್ನೂ ಸೇರಿಸಿಕೊಂಡಿದ್ದಾಳೆ. 1938ರ ಆಗಸ್ಟ್‌ನ ಕಾನೂನಿನ ಪ್ರಕಾರ, 1939ರ ಜನವರಿಯಿಂದ ಸರ್ಕಾರದ ಪಟ್ಟಿಯ ಯಹೂದಿ ಹೆಸರು ಇಲ್ಲದ ಪ್ರತಿ ಯಹೂದಿ ಹೆಂಗಸಿಗೆ ಸಾರಾ, ಗಂಡಸಿಗೆ ಇಸ್ರೇಲ್ ಅಂತ ಸೇರಿಸಲೇಬೇಕಿತ್ತು. ಅದರ ಕೆಳಗೆ ಯುದ್ಧ ಮುಗಿದ ಮೇಲಿನ ಇನ್ನೊಂದು ಟಿಪ್ಪಣಿ: ಮೇಲಿನದು ರದ್ದು. ಮಗುವಾಗಿದ್ದ ಆಕೆ ಅಷ್ಟರಲ್ಲಿ ಎಲ್ಲಿದ್ದಳು ಅಂತ ಪುಟ ಹೇಳುವುದಿಲ್ಲ. ಅದಕ್ಕೆ ಜರ್ಮನ್ ಫೆಡರಲ್ ಆರ್ಕೈವ್‌ನ ಸ್ಮರಣೆಯ ಪಟ್ಟಿ, ಇಸ್ರೇಲಿನ ಯಾದ್ ವಶೆಮ್ ಸ್ಮಾರಕದ ಡೇಟಾಬೇಸ್, ನಾಜಿಗಳಿಗೆ ಬಲಿಯಾದವರ ದಾಖಲೆ ಇರುವ ಆರೋಲ್ಸನ್ ಆರ್ಕೈವ್ಸ್ ನೋಡಬೇಕು. ಫ್ರಾಂಕ್‌ಫರ್ಟ್‌ನ ಹಳೇ ಯಹೂದಿ ಸ್ಮಶಾನದ ಹೊರಗೋಡೆಯಲ್ಲಿ ನಾಜಿಗಳಿಗೆ ಬಲಿಯಾದ ಊರಿನ ಸುಮಾರು 12 ಸಾವಿರ ಯಹೂದಿಗಳ ಹೆಸರು ಸಣ್ಣ ಸಣ್ಣ ಕಬ್ಬಿಣದ ತುಂಡುಗಳ ಮೇಲಿದೆ. ಅಕ್ಷರ ಕ್ರಮದಲ್ಲಿ ನಡೆದು 'ಓ' ಹತ್ತಿರ ಬಂದರೆ ಓಪನ್‌ಹೈಮರ್ ಹೆಸರು ಸಾಲಾಗಿ ಬರುತ್ತಲೇ ಇರುತ್ತದೆ. ಕೆಲವದರ ಮೇಲೆ ಯಾರೋ ಇಟ್ಟ ಬೆಣಚುಕಲ್ಲು. ಇನ್ನೊಂದು ವಿಚಿತ್ರ ಅಂದ್ರೆ, ನಾನು ಪರದೆಯ ಮೇಲೆ ಓದಿದ ಎಷ್ಟೋ ಯಹೂದಿ ರಿಜಿಸ್ಟರುಗಳ ಫಿಲ್ಮ್ ತೆಗೆಸಿದ್ದು ನಾಜಿಗಳ ವಂಶ ಪರೀಕ್ಷೆಯ ಕಚೇರಿಯೇ.

ಉಳಿದ ಕವಲುಗಳು ಎಲ್ಲೆಲ್ಲೋ ಹೋಗಿವೆ. ಬ್ಲೀಸ್‌ಕಾಸ್ಟೆಲ್‌ನಲ್ಲಿ ಹುಟ್ಟಿದ ಡೇವಿಡ್ ಓಪನ್‌ಹೈಮರ್ 1888ರಿಂದ 1891ರವರೆಗೆ ಕೆನಡಾದ ವ್ಯಾಂಕೂವರ್‌ನ ಮೇಯರ್. ಫ್ರಾನ್ಸ್ ಓಪನ್‌ಹೈಮರ್ ಫ್ರಾಂಕ್‌ಫರ್ಟ್‌ನ ಸಮಾಜಶಾಸ್ತ್ರಜ್ಞ. ಕಲೋನ್‌ನ ಬ್ಯಾಂಕ್ ಮನೆತನದ ಮ್ಯಾಕ್ಸ್ ಫೋನ್ ಓಪನ್‌ಹೈಮ್ ಕ್ಯಾಥೊಲಿಕ್ ಆಗಿ ಬೆಳೆದವನು. ಮೊದಲ ಮಹಾಯುದ್ಧದ ಹೊತ್ತಿಗೆ ಬರ್ಲಿನ್‌ನಲ್ಲಿ ಕೂತು, ಸರೋಜಿನಿ ನಾಯ್ಡು ಅವರ ತಮ್ಮ ವೀರೇಂದ್ರನಾಥ ಚಟ್ಟೋಪಾಧ್ಯಾಯರಂಥ ಭಾರತದ ಕ್ರಾಂತಿಕಾರಿಗಳಿಗೆ ನೆರವಾದವನು ಇವನೇ.

ಈಗ ನಮ್ಮ ಬೆಂಗಳೂರಿಗೆ ನಂಟಿರುವ ಒಂದು ಹೆಸರು ಹಿಡಿದಿದ್ದೇನೆ: ಕ್ಯೋನಿಗ್ಸ್‌ಬರ್ಗರ್. ರಾಬರ್ಟ್ 1927ರಲ್ಲಿ ಡಾಕ್ಟರೇಟ್ ಪಡೆದದ್ದು ಗಟ್ಟಿಂಗೆನ್‌ನಲ್ಲಿ ಮ್ಯಾಕ್ಸ್ ಬಾರ್ನ್ ಅವರ ಕೈಕೆಳಗೆ. ಅದೇ ಬಾರ್ನ್ 1935ರಲ್ಲಿ ಸಿ.ವಿ. ರಾಮನ್ ಕರೆದಾಗ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಐಐಎಸ್‌ಸಿ) ಬಂದಿದ್ದರು. ಬಾರ್ನ್ ಅವರ ಸೋದರಳಿಯ ಆಟೋ ಕ್ಯೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾದರು. ಟಾಟಾ ಇನ್‌ಸ್ಟಿಟ್ಯೂಟ್‌ನ ಊಟದ ಹಾಲ್, ಏರೋನಾಟಿಕ್ಸ್ ವಿಭಾಗದ ಕಟ್ಟಡ ಅವರದ್ದೇ. ಇದೂ ಊರಿನಿಂದ ಬಂದ ಹೆಸರು. ಆದರೆ ಓಪನ್‌ಹೈಮ್‌ನಷ್ಟು ಸಲೀಸಲ್ಲ, ಯಾಕಂದ್ರೆ ಕ್ಯೋನಿಗ್ಸ್‌ಬರ್ಗ್ ಅನ್ನುವ ಊರು ಪೂರ್ವ ಪ್ರಷ್ಯದಲ್ಲೂ ಇತ್ತು, ಫ್ರಾಂಕೋನಿಯಾದಲ್ಲೂ ಇದೆ. ಜರ್ಮನಿಯಲ್ಲಿ ಜನನದ ದಾಖಲೆ 110 ವರ್ಷಕ್ಕೆ, ಮದುವೆಯದು 80 ವರ್ಷಕ್ಕೆ, ಸಾವಿನದು 30 ವರ್ಷಕ್ಕೆ ಎಲ್ಲರಿಗೂ ತೆರೆಯುತ್ತದೆ. ಆಟೋ ಬರ್ಲಿನ್‌ನಲ್ಲಿ ಹುಟ್ಟಿದ್ದು 1908ರಲ್ಲಿ, ಹಾಗಾಗಿ ಆ ಪುಟ ಈಗ ನೋಡಬಹುದು. ಅದರ ಜೊತೆಗೇ ತಂದೆ-ತಾಯಿಯ ಮದುವೆ ದಾಖಲೆಗೂ ಅರ್ಜಿ ಹಾಕಿದ್ದೇನೆ. ಮದುವೆ ದಾಖಲೆಯಲ್ಲಿ ಗಂಡಿನ ಹುಟ್ಟೂರು ಮತ್ತು ಅವನ ಅಪ್ಪ-ಅಮ್ಮನ ಹೆಸರು ಎರಡೂ ಇರುತ್ತವೆ, ಒಂದೇ ಹಾಳೆಯಲ್ಲಿ ಒಂದು ತಲೆಮಾರು ಹಿಂದೆ ಹೋಗಬಹುದು.