ಅಜ್ಜಿಯ ಭರಣಿ, ನನ್ನ ಹೈಡ್ರೋಮೀಟರ್

ಹುಬ್ಬಳ್ಳಿಯ ರೇಲ್ವೆ ಕ್ವಾರ್ಟರ್ಸಿನ ನಮ್ಮಂಥ ಮನೆಗಳಲ್ಲಿ ಕ್ರಿಸ್‌ಮಸ್ ಅಂದರೆ ಕೇಕಿನ ಜತೆ ದ್ರಾಕ್ಷಿ ವೈನ್ ಇರಲೇಬೇಕು. ಅಜ್ಜ ಎಂ.ಎಸ್.ಎಂ. (ಮದ್ರಾಸ್ ಅಂಡ್ ಸದರ್ನ್ ಮರಾಠಾ) ರೇಲ್ವೆ ಇದ್ದಾಗ ವರ್ಕ್‌ಶಾಪಿಗೆ ಸೇರಿದವರು. ವೈನ್ ಮಾತ್ರ ಅಜ್ಜಿಯ ಖಾತೆ. ದ್ರಾಕ್ಷಿ ತೋಟವಿಲ್ಲ, ನೆಲಮಾಳಿಗೆಯಿಲ್ಲ. ಇದ್ದದ್ದು ಎರಡು ಪಿಂಗಾಣಿ ಭರಣಿ, ಒಂದಿಷ್ಟು ಕಟ್ಟುನಿಟ್ಟು. ಎರಡೂ ಈಗ ನನ್ನ ಪಾಲಿಗೆ ಬಂದಿವೆ.

ವಿಜಯಪುರದ ದ್ರಾಕ್ಷಿ ಪೇಟೆಗೆ ಬರುವುದು ಹಬ್ಬ ಮುಗಿದ ಮೇಲೆ. ಹಾಗಾಗಿ ನವೆಂಬರ್ ಶುರುವಿನಲ್ಲೇ ಜನತಾ ಬಜಾರಿನಲ್ಲಿ ಬೆಂಗಳೂರು ನೀಲಿ ತಳಿಯ ದ್ರಾಕ್ಷಿ ಹುಡುಕುತ್ತೇನೆ. ತೊಳೆದು, ಬಟ್ಟೆಯ ಮೇಲೆ ಹರವಿ, ಹನಿ ನೀರಿಲ್ಲದಂತೆ ಆರಿಸಿ ಕೈಯಿಂದಲೇ ಹಿಚುಕಬೇಕು. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಒಗರು ಇಳಿಯುತ್ತದೆ.

ಒಂದೆರಡು ದಿನಕ್ಕೆ ಹುದುಗು ಏಳುತ್ತದೆ. ಸಿಪ್ಪೆಯೆಲ್ಲ ಮೇಲೆ ಬಂದು ದಪ್ಪ ಕೆನೆಯ ಹಾಗೆ ಕಟ್ಟುತ್ತದೆ. ಕಿವಿಗೊಟ್ಟರೆ ಒಳಗೆ ಸಣ್ಣಗೆ ಚುರುಚುರು ಸಪ್ಪಳ. ಆ ಸಿಪ್ಪೆಯನ್ನು ಬೆಳಿಗ್ಗೆ, ಸಂಜೆ ಮರದ ಸೌಟಿನಿಂದ ಒತ್ತಿ ಮುಳುಗಿಸದಿದ್ದರೆ ಬೂಸರು ಹಿಡಿಯುವುದು ಖಂಡಿತ. "ಮುಚ್ಚಳಾ ಬಿಗಿ ಹಾಕಬ್ಯಾಡ, ಭರಣಿ ಒಡೀತೈತಿ" ಅನ್ನುತ್ತಿದ್ದರು ಅಜ್ಜಿ. ಒಳಗೆ ಏಳುವ ಇಂಗಾಲದ ಡೈಆಕ್ಸೈಡಿಗೆ ದಾರಿ ಬೇಕಲ್ಲ! ವಿನೆಗರ್ ಬಾಟಲಿಯನ್ನು ಆ ಕೋಣೆಗೇ ತರಗೊಡುತ್ತಿರಲಿಲ್ಲ. ಚಿಕ್ಕವಳಿದ್ದಾಗ ಮೂಢನಂಬಿಕೆ ಅಂದುಕೊಂಡಿದ್ದೆ. ವೈನನ್ನು ಹುಳಿ ಮಾಡುವ ಬ್ಯಾಕ್ಟೀರಿಯಾವನ್ನು ವಿನೆಗರಿನ ವಾಸನೆಗೆ ಮುತ್ತುವ ಹಣ್ಣಿನ ನೊಣಗಳೇ ಹೊತ್ತು ತರುತ್ತವೆ ಅಂತ ಆಮೇಲೆ ಓದಿದೆ.

ಅಜ್ಜಿಯ ಕ್ರಮದಲ್ಲಿ ನಾನು ಮೊದಲು ಬಿಟ್ಟದ್ದು ಗೋಧಿ. ಒಂದು ಹಿಡಿ ಹಾಕುವುದು ರೂಢಿ. ಹಾಕದಿದ್ದರೂ ಹುದುಗು ಚೆನ್ನಾಗಿಯೇ ಬರುತ್ತದೆ. ಬ್ರೆಡ್ಡಿನ ಯೀಸ್ಟ್ ಬದಲು ವೈನ್ ಯೀಸ್ಟ್ ತರಿಸುತ್ತೇನೆ.

ದೊಡ್ಡ ಜಗಳ ಸಕ್ಕರೆಯದು. ಅಜ್ಜಿಯ ಲೆಕ್ಕ ಕಿಲೋ ಹಣ್ಣಿಗೆ ಕಿಲೋ ಸಕ್ಕರೆ. ಅಷ್ಟನ್ನು ಯೀಸ್ಟ್ ತಿಂದು ಮುಗಿಸಲಾರದು. ಮದ್ಯಾಂಶ ಏರಿದಂತೆ ಅದೇ ಸೋತು, ಉಳಿದ ಸಕ್ಕರೆ ಪಾನಕದಂತೆ ನಿಲ್ಲುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯಿಂದ ಶೇ. 1 ಮದ್ಯಾಂಶ ಹುಟ್ಟುತ್ತದೆ. ಅದಕ್ಕೇ ರಸ ಸೋಸಿ, ನೀರಿಗೆ (1.000) ಹೋಲಿಸಿ ಅದರ ಸಾಂದ್ರತೆ ತೋರಿಸುವ ಹೈಡ್ರೋಮೀಟರ್ ಇಳಿಬಿಟ್ಟು, 1.090 ತೋರಿಸುವಷ್ಟೇ ಸಕ್ಕರೆ ಸೇರಿಸುತ್ತೇನೆ. ಅದು ಸುಮಾರು 1.000ಕ್ಕೆ ಇಳಿದರೆ ಶೇ. 12ರ ಹತ್ತಿರದ ವೈನ್.

21 ದಿನಕ್ಕೆ ಸೋಸಿ, ಗಷ್ಟು ಕೆಳಗಿಳಿಯಲು ಬಿಟ್ಟರೆ ಹಬ್ಬಕ್ಕೆ ತಿಳಿಯಾಗುತ್ತದೆ. ಚಿಕ್ಕಪ್ಪನಿಗೆ ಮಾತ್ರ ನನ್ನದು ಸೇರುವುದಿಲ್ಲ. "ಇದೇನs ವೈನು? ಕಷಾಯ ಕುಡದಂಗ ಆಗ್ತೈತಿ" ಅನ್ನುತ್ತಾರೆ. ಹಾಗಾಗಿ ಎರಡನೆಯ ಭರಣಿಯಲ್ಲಿ ಇವತ್ತಿಗೂ ಕಿಲೋಕ್ಕೆ ಕಿಲೋ. ಹಬ್ಬದ ದಿನ ಮೊದಲು ಖಾಲಿಯಾಗುವುದು ಅದೇ.